ಟಿ.ಸಿ.ಗೂ ಪಾಳಿ ಬೇಕು

(ಕೃಷಿ ವಿಸ್ತರಣಾ ಅಧಿಕಾರಿ, ಮುದ್ದೇಬಿಹಾಳ)



ನಮ್ಮ ಹಿರಿಯರ ಕಾಲದಲ್ಲಿ ಒಂದು ಬಾವಿಗೆ ನಾಲ್ಕು ಮನೆಯವರು ಪಾಲುದಾರರಿದ್ದರೆ ನೀರಿಗೆ ಪಾಳಿ ಇರುತ್ತಿತ್ತು. ಇಂದು ಅಣ್ಣನದು, ನಾಳೆ ತಮ್ಮನದು, ನಾಡಿದ್ದು ಕಾಕಾನದು. ನಾಲ್ಕೂ ಜನ ಒಂದೇ ಹೊತ್ತಿಗೆ ಎತ್ತು ಹೊಡೆದುಕೊಂಡು ಬಾವಿಗೆ ಬಂದರೆ ಯಾರ ಹೊಲಕ್ಕೂ ನೀರು ಹರಿಯದು ಎಂಬುದನ್ನು ಯಾರೂ ಅವರಿಗೆ ಹೇಳಿಕೊಡಬೇಕಾಗಿರಲಿಲ್ಲ. ಈಗ ಬಾವಿಯ ಬದಲು ಹತ್ತು ಜನರ ನಡುವೆ ಒಂದು ಟಿ.ಸಿ. ಇದೆ. ಆದರೆ ಟಿ.ಸಿ.ಗೆ ಪಾಳಿ ಇಲ್ಲ. ಕರೆಂಟು ಬಂದ ಕ್ಷಣದಲ್ಲಿ ಹತ್ತೂ ಮೋಟಾರುಗಳು ಒಮ್ಮೆಲೇ ಹೊರಡುತ್ತವೆ. ಸುಡುವುದು ಟಿ.ಸಿ., ಒಣಗುವುದು ಹತ್ತೂ ಜನರ ಬೆಳೆ.

ಒಂದು ಕಡೆ ಆಲಮಟ್ಟಿ, ಇನ್ನೊಂದು ಕಡೆ ನಾರಾಯಣಪುರ, ನಡುವೆ ನಮ್ಮ ಮುದ್ದೇಬಿಹಾಳ. ಹೊರಗಿನವರು ಇಲ್ಲಿಯ ರೈತನಿಗೆ ನೀರಿನ ಚಿಂತೆಯೇ ಇಲ್ಲವೆಂದು ತಿಳಿಯುತ್ತಾರೆ. ಕಾಲುವೆ ಮುಟ್ಟದ ಎತ್ತರದ ಹೊಲಗಳ ಸ್ಥಿತಿ ನಮಗೆ ಗೊತ್ತು. ಅಲ್ಲಿ ಉಳ್ಳಾಗಡ್ಡಿ, ಬೇಸಿಗೆ ಶೇಂಗಾ, ಮೆಣಸಿನಕಾಯಿ ಏನೇ ಬೆಳೆದರೂ ಬೋರಿನ ನೀರೇ ಗತಿ, ಬೋರಿಗೆ ಕರೆಂಟೇ ಗತಿ, ಕರೆಂಟಿಗೆ ಟಿ.ಸಿ.ಯೇ ಗತಿ.

ನನಗಾದ ಪಾಠ

ಎರಡು ವರ್ಷದ ಹಿಂದೆ ತಾಲೂಕಿನ ಒಂದು ಹಳ್ಳಿಯಲ್ಲಿ ಒಂದೇ ಹಂಗಾಮಿನಲ್ಲಿ ಒಂದು ಟಿ.ಸಿ. ಎರಡು ಸಲ ಸುಟ್ಟಿತು. ಎರಡನೆಯ ಸಲ ಸುಟ್ಟಾಗ ಉಳ್ಳಾಗಡ್ಡಿ ಗಡ್ಡೆ ಕಟ್ಟುವ ಹೊತ್ತು. ಬೇರೆ ಟಿ.ಸಿ. ಬರುವಷ್ಟರಲ್ಲಿ ಗಡ್ಡೆ ನಿಂಬೆಕಾಯಿಯಷ್ಟಕ್ಕೇ ನಿಂತುಹೋಗಿತ್ತು. ನಾನು ಗುಡಿಯ ಕಟ್ಟೆಯ ಮೇಲೆ ಸಭೆ ಸೇರಿಸಿ, ಓದಿದವನ ಗತ್ತಿನಿಂದ, "ಎಲ್ಲರೂ ಸ್ಟಾರ್ಟರಿಗೆ ಹಚ್ಚಿದ ಆಟೋ ಕಿತ್ತುಹಾಕಿರಿ, ಕರೆಂಟು ಬಂದಾಗ ಒಬ್ಬೊಬ್ಬರಾಗಿ ಹೋಗಿ ಚಾಲೂ ಮಾಡಿರಿ" ಎಂದು ಉಪದೇಶ ಮಾಡಿದೆ.

ಮೂಲೆಯಲ್ಲಿ ಕುಳಿತಿದ್ದ ಒಬ್ಬ ಹಿರಿಯರು ಎದ್ದು, "ಸಾಹೇಬ್ರ, ಆಟೋ ತಗೀರಿ ಅಂತೀರಿ, ಛಲೋ ಆತು. ರಾತ್ರಿ ಎರಡಕ್ಕ ಕರೆಂಟ್ ಬಂದ್ರ ಹಾವು ಚೇಳಿನ ನಡುವ ಹೊಲಕ್ಕ ಯಾರು ಹೋಗಬೇಕ್ರಿ? ನೀವು ಬರ್ತೀರೇನು?" ಎಂದು ಕೇಳಿದರು. ಸಭೆ ನಕ್ಕಿತು. ನನ್ನ ಬಳಿ ಉತ್ತರವಿರಲಿಲ್ಲ. ಆ ಮನೆತನದಲ್ಲಿ ರಾತ್ರಿ ನೀರು ಕಟ್ಟಲು ಹೋದ ಒಬ್ಬ ಹುಡುಗ ಹಾವು ಕಡಿದು ತೀರಿಕೊಂಡಿದ್ದನೆಂದು ಸಭೆ ಮುಗಿದ ಮೇಲೆ ತಿಳಿಯಿತು. ಅಂದಿನಿಂದ "ಆಟೋ ಕಿತ್ತುಹಾಕಿ" ಎಂಬ ಮಾತನ್ನು ನಾನು ಬಿಟ್ಟುಬಿಟ್ಟೆ.

ನೆರೆಯ ತೆಲಂಗಾಣದಲ್ಲಿ 2018ರ ಜನವರಿ 1ರಿಂದ ಪಂಪ್‌ಸೆಟ್ಟುಗಳಿಗೆ 24 ತಾಸು ಕರೆಂಟು ಕೊಡಲು ಆರಂಭಿಸಿದಾಗ, ಆಟೋ ಸ್ಟಾರ್ಟರುಗಳನ್ನು ತೆಗೆಯಿರೆಂದು ರೈತರಿಗೆ ಹೇಳಿದರು. ದಿನವಿಡೀ ಕರೆಂಟು ಇರುವಲ್ಲಿ ಆ ಮಾತಿಗೆ ಅರ್ಥವಿದೆ. ಬೆಳಗಿನಲ್ಲಿ ತನಗೆ ಬೇಕಾದಾಗ ಹೋಗಿ ಚಾಲೂ ಮಾಡಬಹುದು. ತ್ರೀ ಫೇಸ್ ಕರೆಂಟು ಏಳು ತಾಸು, ಅದೂ ಹಗಲಿಗಿಷ್ಟು ರಾತ್ರಿಗಿಷ್ಟು ಎಂದು ಹಂಚಿಕೆಯಾಗಿ ಬರುವ ನಮ್ಮಲ್ಲಿ ಆ ಮಾತು ನಡೆಯುವುದಿಲ್ಲ. ಆಟೋ ಇರಲಿ. ಆದರೆ ಆಟೋಕ್ಕೆ ತಾಳ್ಮೆ ಕಲಿಸಬೇಕು. ಇದೇ ನನ್ನ ಇಂದಿನ ಮಾತು.

ಟಿ.ಸಿ. ಸುಡುವುದೇಕೆ?

ಲೆಕ್ಕ ಹಾಕಿ ನೋಡೋಣ. 5 ಅಶ್ವಶಕ್ತಿಯ ಮೋಟಾರು ಓಡುವಾಗ ಸುಮಾರು ಏಳೂವರೆ ಆಂಪಿಯರ್ ಕರೆಂಟು ಎಳೆಯುತ್ತದೆ. ಆದರೆ ನಿಂತ ಮೋಟಾರು ಹೊರಡುವ ಕ್ಷಣದಲ್ಲಿ ಇದರ ಐದರಿಂದ ಏಳು ಪಟ್ಟು ಎಳೆಯುತ್ತದೆ. ತುಂಬಿದ ಚಕ್ಕಡಿಯನ್ನು ನಿಂತಲ್ಲಿಂದ ಎಬ್ಬಿಸುವಾಗ ಎತ್ತು ಎಷ್ಟು ಮುಗ್ಗರಿಸಿ ಎಳೆಯಬೇಕು, ಹೊರಟ ಮೇಲೆ ಎಷ್ಟು ಹಗುರ ಎಂಬುದು ನಿಮಗೆ ತಿಳಿದದ್ದೇ.

63 ಕೆ.ವಿ.ಎ. ಟಿ.ಸಿ. ಒಂದಕ್ಕೆ ಇಂತಹ ಹತ್ತು ಮೋಟಾರುಗಳಿವೆ ಎನ್ನಿ. ಟಿ.ಸಿ. ಕೊಡಬಲ್ಲದ್ದು ಸುಮಾರು 84 ಆಂಪಿಯರ್. ಹತ್ತೂ ಓಡುತ್ತಿರುವಾಗ ಎಳೆಯುವುದು 75. ಏನೂ ತೊಂದರೆ ಇಲ್ಲ. ಆದರೆ ಹತ್ತೂ ಒಮ್ಮೆಲೇ ಹೊರಟರೆ, ಆರು ಪಟ್ಟಿನ ಲೆಕ್ಕದಲ್ಲಿ, ಬೇಡಿಕೆ 450 ಆಂಪಿಯರ್! ಟಿ.ಸಿ.ಯ ಶಕ್ತಿಯ ಐದು ಪಟ್ಟಿಗೂ ಹೆಚ್ಚು.

ಒಂದೆರಡು ಸೆಕೆಂಡಿನ ಇಂತಹ ಸೆಳೆತವನ್ನು ಟಿ.ಸಿ. ತಡೆದುಕೊಂಡೀತು. ಕೆಡುಕು ಇರುವುದು ಮುಂದೆ. ಎಲ್ಲರೂ ಸೆಳೆದಾಗ ವೋಲ್ಟೇಜು ಕುಸಿಯುತ್ತದೆ. ವೋಲ್ಟೇಜು ಮುಕ್ಕಾಲಿಗೆ ಇಳಿದರೆ ಮೋಟಾರಿನ ತಿರುಗುವ ಬಲ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಆಗ ಮೋಟಾರು ವೇಗ ಹಿಡಿಯದೆ ಗುಂಯ್‌ಗುಡುತ್ತ ನಿಲ್ಲುತ್ತದೆ, ನಿಂತಷ್ಟು ಹೊತ್ತೂ ಆ ಆರು ಪಟ್ಟು ಸೆಳೆತ ಮುಂದುವರಿಯುತ್ತದೆ. ಟಿ.ಸಿ.ಯ ಎಣ್ಣೆ ಕಾಯುತ್ತದೆ, ಸುರುಳಿಯ ಹೊದಿಕೆ ಕರಗುತ್ತದೆ. ಫ್ಯೂಜು ಹೋಗಿ ಟಿ.ಸಿ. ಉಳಿಯಬೇಕಿತ್ತು, ಆದರೆ ನಾವೇ ಫ್ಯೂಜಿನ ಜಾಗದಲ್ಲಿ ದಪ್ಪ ಅಲ್ಯೂಮಿನಿಯಂ ತಂತಿ ಬಿಗಿದಿರುತ್ತೇವೆ. ಇದನ್ನು ಮುಚ್ಚಿಟ್ಟುಕೊಂಡು ಬರೇ ಕಚೇರಿಯವರನ್ನು ಬೈದರೆ ಪ್ರಯೋಜನವಿಲ್ಲ.

ಅದೇ ಹತ್ತು ಮೋಟಾರುಗಳು ಒಂದರ ಹಿಂದೊಂದು ಹೊರಟರೆ? ಒಂಬತ್ತು ಓಡುತ್ತಿವೆ, ಹತ್ತನೆಯದು ಹೊರಡುತ್ತಿದೆ ಎಂಬ ಅತಿ ಭಾರದ ಕ್ಷಣದಲ್ಲೂ ಬೇಡಿಕೆ ಸುಮಾರು 112 ಆಂಪಿಯರ್, ಅದೂ ಒಂದೆರಡು ಸೆಕೆಂಡು. ಟಿ.ಸಿ. ಇದನ್ನು ಆರಾಮಾಗಿ ಹೊರುತ್ತದೆ. ಟಿ.ಸಿ. ಅದೇ, ಮೋಟಾರು ಅವೇ, ನೀರು ಅಷ್ಟೇ. ಬದಲಾದದ್ದು ಪಾಳಿ ಒಂದೇ.

ಸಮಯ ಕಾಯುವ ಗಡಿಗೆ

ಈ ಪಾಳಿಯನ್ನು ಮನುಷ್ಯ ಕಾಯಬೇಕಿಲ್ಲ. ಮೂರು ಚಿಕ್ಕ ಸಾಮಾನು ಕಾಯುತ್ತವೆ: ರೆಸಿಸ್ಟರು, ಕಂಡೆನ್ಸರು, ಟ್ರಾನ್ಸಿಸ್ಟರು. ನಾನು ಕೃಷಿ ಓದಿದವನು, ಕರೆಂಟಿನ ವಿದ್ಯೆ ಓದಿದವನಲ್ಲ. ಪೇಟೆಯಲ್ಲಿ ರೇಡಿಯೋ, ಟಿ.ವಿ. ರಿಪೇರಿ ಮಾಡುವವರ ಅಂಗಡಿಯಲ್ಲಿ ಎರಡು ಸಂಜೆ ಕುಳಿತು ಕಲಿತೆ. ನಾನು ಕಲಿತದ್ದನ್ನು ನೀವೂ ಕಲಿಯಬಹುದು.

ಕಂಡೆನ್ಸರು ಒಂದು ಗಡಿಗೆ ಇದ್ದಂತೆ, ಕರೆಂಟನ್ನು ತುಂಬಿಟ್ಟುಕೊಳ್ಳುತ್ತದೆ. ರೆಸಿಸ್ಟರು ಆ ಗಡಿಗೆಗೆ ನೀರು ಬಿಡುವ ಸಣ್ಣ ಕೊಳವೆ. ಕೊಳವೆ ಸಣ್ಣದಾದಷ್ಟೂ ಗಡಿಗೆ ತುಂಬಲು ತಡ. ಟ್ರಾನ್ಸಿಸ್ಟರು ಕಾಲುವೆಯ ತೂಬಿನ ಬಾಗಿಲು. ಬೆರಳಿನಷ್ಟು ನೀರು ಬಂದು ತಟ್ಟಿದರೆ ಸಾಕು, ಅದರ ನೂರು ಪಟ್ಟು ನೀರಿಗೆ ಬಾಗಿಲು ತೆರೆಯುತ್ತದೆ. ನಮ್ಮ ಹಿರಿಯರು ಹೆಗಲಿಗೆ ಹಾಕಿಕೊಂಡು ಹೊಲಕ್ಕೆ ಒಯ್ಯುತ್ತಿದ್ದ ರೇಡಿಯೋಕ್ಕೆ ಟ್ರಾನ್ಸಿಸ್ಟರೆಂದೇ ಹೆಸರು ಬಿದ್ದದ್ದು ಒಳಗಿದ್ದ ಈ ಸಾಮಾನಿನಿಂದಲೇ. ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ 1947ರಲ್ಲಿ ಇದು ಹುಟ್ಟಿತು.

ಗಡಿಗೆ ತುಂಬುವ ಹೊತ್ತಿನ ಲೆಕ್ಕ ಬಹು ಸುಲಭ. ಓಮ್‌ಗಳನ್ನು ಫ್ಯಾರಡ್‌ಗಳಿಂದ ಗುಣಿಸಿದರೆ ಸೆಕೆಂಡು ಬರುತ್ತದೆ. ಒಂದು ಲಕ್ಷ ಓಮಿನ ರೆಸಿಸ್ಟರು, ಒಂದು ಸಾವಿರ ಮೈಕ್ರೋ ಫ್ಯಾರಡ್ ಕಂಡೆನ್ಸರು ಇದ್ದರೆ 100 ಸೆಕೆಂಡು. ಅಷ್ಟು ಹೊತ್ತಿಗೆ ಗಡಿಗೆ ನೂರಕ್ಕೆ 63ರಷ್ಟು ತುಂಬಿರುತ್ತದೆ.

ಇಲ್ಲೊಂದು ತೊಡಕಿದೆ. ಟ್ರಾನ್ಸಿಸ್ಟರಿನ ಬಾಗಿಲು ಬಹಳ ಅವಸರದ್ದು. ಮುಕ್ಕಾಲು ವೋಲ್ಟು ಆಗುವ ಮೊದಲೇ, ಅಂದರೆ ಗಡಿಗೆಯ ತಳ ತೊಯ್ದ ಕೂಡಲೇ, ತೆರೆದುಬಿಡುತ್ತದೆ. ಆದುದರಿಂದ ನಡುವೆ ಒಂದು ಒಡ್ಡು ಹಾಕಬೇಕು. ಅದಕ್ಕೆ ಝೀನರ್ ಡಯೋಡು ಎನ್ನುತ್ತಾರೆ. ನೀರು ಒಡ್ಡಿನ ಎತ್ತರಕ್ಕೆ ಏರುವವರೆಗೆ ಆಚೆ ಹೋಗದು.

ವಾಚನಾಲಯದಲ್ಲಿ ಮಾಡಿ ನೋಡಿರಿ

ಔಷಧ ಹೊಡೆಯುವ ಪಂಪಿನ 12 ವೋಲ್ಟಿನ ಬ್ಯಾಟರಿ ತನ್ನಿರಿ. ಅಂಗಡಿಯಿಂದ ಈ ಸಾಮಾನು ತರತಕ್ಕದ್ದು: ಒಂದು ಲಕ್ಷ ಓಮಿನ ರೆಸಿಸ್ಟರು (ಕಂದು, ಕಪ್ಪು, ಹಳದಿ ಪಟ್ಟಿ); ಒಂದು ಸಾವಿರ ಓಮಿನ ರೆಸಿಸ್ಟರು ಎರಡು (ಕಂದು, ಕಪ್ಪು, ಕೆಂಪು ಪಟ್ಟಿ); 1000 ಮೈಕ್ರೋ ಫ್ಯಾರಡ್, 25 ವೋಲ್ಟಿನ ಕಂಡೆನ್ಸರು; 5.6 ವೋಲ್ಟಿನ ಝೀನರ್, ಬಿ.ಸಿ. 547 ಟ್ರಾನ್ಸಿಸ್ಟರು, ಒಂದು ಚಿಕ್ಕ ಎಲ್.ಇ.ಡಿ. ದೀಪ. ಬ್ಯಾಟರಿ ಬಿಟ್ಟರೆ ಎಲ್ಲ ಸೇರಿ ನೂರು ರೂಪಾಯಿಯೊಳಗೆ ಮುಗಿಯುತ್ತದೆ.

ಬ್ಯಾಟರಿಯ ಪ್ಲಸ್ಸಿನಿಂದ ಲಕ್ಷ ಓಮಿನ ರೆಸಿಸ್ಟರು, ಅದರ ಇನ್ನೊಂದು ತುದಿಗೆ ಕಂಡೆನ್ಸರಿನ ಉದ್ದ ಕಾಲು. ಪಟ್ಟಿ ಇರುವ ಬದಿಯ ಗಿಡ್ಡ ಕಾಲು ಬ್ಯಾಟರಿಯ ಮೈನಸ್ಸಿಗೆ. ಇದನ್ನು ತಿರುವುಮುರುವು ಮಾಡಿದರೆ ಕಂಡೆನ್ಸರು ಸಿಡಿಯುತ್ತದೆ, ಎಚ್ಚರ. ರೆಸಿಸ್ಟರು ಕಂಡೆನ್ಸರು ಕೂಡಿದ ಜಾಗಕ್ಕೆ ಝೀನರಿನ ಗೆರೆ ಇರುವ ತುದಿ ಹಚ್ಚಿರಿ. ಇನ್ನೊಂದು ತುದಿ ಟ್ರಾನ್ಸಿಸ್ಟರಿನ ನಡುವಿನ ಕಾಲಿಗೆ. ಟ್ರಾನ್ಸಿಸ್ಟರಿನ ಚಪ್ಪಟೆ ಮುಖ ನಿಮ್ಮ ಕಡೆ, ಕಾಲು ಕೆಳಗೆ ಇದ್ದಾಗ ಬಲಗಾಲು ಬ್ಯಾಟರಿಯ ಮೈನಸ್ಸಿಗೆ. ಬ್ಯಾಟರಿಯ ಪ್ಲಸ್ಸಿನಿಂದ ಸಾವಿರ ಓಮಿನ ರೆಸಿಸ್ಟರು, ಅದರಿಂದ ದೀಪದ ಉದ್ದ ಕಾಲು, ದೀಪದ ಗಿಡ್ಡ ಕಾಲು ಟ್ರಾನ್ಸಿಸ್ಟರಿನ ಎಡಗಾಲಿಗೆ.

ಬ್ಯಾಟರಿ ಹಚ್ಚಿ ಗಡಿಯಾರ ನೋಡಿರಿ. ಒಂದು ನಿಮಿಷದ ಆಸುಪಾಸಿಗೆ ದೀಪ ಹತ್ತುತ್ತದೆ. ಲಕ್ಷ ಓಮಿನ ಬದಲು 2 ಲಕ್ಷ 20 ಸಾವಿರದ ರೆಸಿಸ್ಟರು ಹಾಕಿದರೆ ಎರಡು ಪಟ್ಟಿಗೂ ತುಸು ಹೆಚ್ಚು ಹೊತ್ತು. 47 ಸಾವಿರದ್ದು ಹಾಕಿದರೆ ಅರ್ಧಕ್ಕೂ ತುಸು ಕಡಿಮೆ. ಮತ್ತೆ ಮಾಡಿ ನೋಡುವ ಮೊದಲು ಬ್ಯಾಟರಿ ಬಿಡಿಸಿ, ಉಳಿದ ಸಾವಿರ ಓಮಿನ ರೆಸಿಸ್ಟರನ್ನು ಕಂಡೆನ್ಸರಿನ ಎರಡೂ ಕಾಲಿಗೆ ಐದು ಸೆಕೆಂಡು ಹಿಡಿದು ಗಡಿಗೆ ಬರಿದು ಮಾಡಬೇಕು. ಹತ್ತನೆಯ ತರಗತಿಯ ಹುಡುಗರಿಗೆ ಇದನ್ನು ಕೊಟ್ಟು ನೋಡಿರಿ. ನಮಗಿಂತ ಬೇಗ ಜೋಡಿಸುತ್ತಾರೆ.

ಹೊಲಕ್ಕೆ ಒಯ್ಯುವ ಮೊದಲು

ಒಂದು ಸಂಗತಿ ಗಮನಿಸಿರಿ. ದೀಪ ಥಟ್ಟನೆ ಹತ್ತುವುದಿಲ್ಲ. ಮೊದಲು ಮಂಕಾಗಿ, ಆಮೇಲೆ ಬೆಳ್ಳಗೆ, ಮೆಲ್ಲಗೆ ಏರುತ್ತದೆ. ದೀಪಕ್ಕೆ ಇದರಿಂದ ಹಾನಿಯಿಲ್ಲ. ಆದರೆ ಸ್ಟಾರ್ಟರಿಗೆ ಇದು ಆಗದು. ಅರ್ಧಂಬರ್ಧ ಬಲದಿಂದ ರಿಲೇ ಎಳೆದರೆ ಅದು ಪಟಪಟ ಬಡಿದುಕೊಂಡು ಕಿಡಿ ಹಾರಿ ಸ್ಟಾರ್ಟರಿನ ಪಾಯಿಂಟು ಸುಟ್ಟೀತು. ಅದೂ ಅಲ್ಲದೆ ಈ ಒಂಟಿ ಟ್ರಾನ್ಸಿಸ್ಟರಿಗೆ ರಿಲೇ ಎಳೆಯುವಷ್ಟು ಕಸುವು ಸಾಲದು. ಆದುದರಿಂದ ಈ ಸಾಧನ ಕಲಿಯುವುದಕ್ಕೆ. ಹೊಲಕ್ಕೆ ಬೇಕಾದದ್ದು ಇದರ ಅಣ್ಣ, 555 ಎಂಬ ಐ.ಸಿ. ಇದು 1972ರಿಂದ ಪೇಟೆಯಲ್ಲಿದೆ, ಎಲ್ಲ ರಿಪೇರಿ ಅಂಗಡಿಯವರಿಗೂ ಗೊತ್ತು. ಅದರ ಒಳಗೂ ಟ್ರಾನ್ಸಿಸ್ಟರುಗಳೇ ಇವೆ, ಹೊರಗೆ ಅದೇ ರೆಸಿಸ್ಟರು, ಅದೇ ಕಂಡೆನ್ಸರು. ಆದರೆ ಗಡಿಗೆ ಗೊತ್ತಾದ ಮಟ್ಟ ಮುಟ್ಟಿದ ಕೂಡಲೇ ಥಟ್ಟನೆ ಬಾಗಿಲು ತೆರೆಯುತ್ತದೆ.

555ರ ಲೆಕ್ಕವೂ ಸರಳ: ಗುಣಾಕಾರದಿಂದ ಬಂದ ಸೆಕೆಂಡಿಗೆ ನೂರಕ್ಕೆ ಹತ್ತು ಸೇರಿಸಿರಿ. ಸಾವಿರ ಮೈಕ್ರೋ ಫ್ಯಾರಡ್ ಕಂಡೆನ್ಸರಿಗೆ 18 ಸಾವಿರ ಓಮ್ ಹಾಕಿದರೆ ಸುಮಾರು 20 ಸೆಕೆಂಡು. ಒಂದನೆಯ ಪಾಳಿಯವರಿಗೆ 18 ಸಾವಿರ, ಎರಡನೆಯವರಿಗೆ 36 ಸಾವಿರ, ಹೀಗೆ ಪಾಳಿಗೊಂದು 18 ಸಾವಿರ ಓಮ್ ಏರಿಸುತ್ತ ಹೋದರೆ ಹತ್ತನೆಯವರಿಗೆ 1 ಲಕ್ಷ 80 ಸಾವಿರ, ಅಂದರೆ 200 ಸೆಕೆಂಡಿನ ಹತ್ತಿರ. ಕಂಡೆನ್ಸರುಗಳು ಬರೆದ ಅಳತೆಗಿಂತ ನೂರಕ್ಕೆ ಇಪ್ಪತ್ತು ಹೆಚ್ಚುಕಡಿಮೆ ಇರಬಹುದು. ಆದುದರಿಂದ ಜೋಡಿಸಿದ ಮೇಲೆ ಗಡಿಯಾರ ಹಿಡಿದು ಅಳೆದು ಸರಿಮಾಡಿಕೊಳ್ಳಬೇಕು. ನಮ್ಮ ಬೇಸಿಗೆಯಲ್ಲಿ ತಗಡಿನ ಪೆಟ್ಟಿಗೆ ಕಾದ ಹಂಚಾಗುತ್ತದೆ. 105 ಡಿಗ್ರಿ ಎಂದು ಅಚ್ಚಾದ ಕಂಡೆನ್ಸರನ್ನೇ ಕೇಳಿ ತರಬೇಕು. ಬಿಸಿಲಿಗೆ ಸಮಯ ತುಸು ಅತ್ತಿತ್ತ ಆದರೂ ಚಿಂತೆಯಿಲ್ಲ. ಎರಡು ಮೋಟಾರು ಒಮ್ಮೆಲೇ ಹೊರಟರೆ ಟಿ.ಸಿ. ಸುಡದು, ಹತ್ತು ಹೊರಟರೆ ಸುಡುತ್ತದೆ.

ಜೋಡಿಸುವ ಉಸಾಬರಿ ಬೇಡವೆನ್ನುವವರಿಗೆ ಕರೆಂಟಿನ ಸಾಮಾನಿನ ಅಂಗಡಿಯಲ್ಲಿ ಆನ್ ಡಿಲೇ ಟೈಮರ್ ಎಂದು ಕೇಳಿದರೆ ಸಿದ್ಧ ಟೈಮರು ಸಿಗುತ್ತದೆ. ಮೊಬೈಲಿನಿಂದ ಚಾಲೂ ಮಾಡುವ ಕೆಲವು ಸ್ಟಾರ್ಟರುಗಳಲ್ಲೂ ಈ ಸೌಲಭ್ಯವಿದೆ. ಇದ್ದವರು ಅದನ್ನು ಬಳಸುತ್ತಿಲ್ಲ, ಅಷ್ಟೇ. ಒಂದು ಮೋಟಾರು ಸುತ್ತಿಸುವ ಖರ್ಚಿನ ಮುಂದೆ ಟೈಮರಿನ ಖರ್ಚು ಏನೂ ಅಲ್ಲ.

ಈ ಮಾತನ್ನು ಮಾತ್ರ ಎರಡು ಸಲ ಓದಿರಿ. 12 ವೋಲ್ಟಿನ ಕೆಲಸ ನಿಮ್ಮದು. ಸ್ಟಾರ್ಟರಿನ ಕೆಲಸ ಪರವಾನಗಿ ಇರುವ ವೈರ್‌ಮನ್ನಿನದು. ಸ್ಟಾರ್ಟರಿನಲ್ಲಿ 415 ವೋಲ್ಟು ಇರುತ್ತದೆ, ಅದು ಕ್ಷಮಿಸುವುದಿಲ್ಲ. ಪೇಟೆಯ ಸಣ್ಣ ರಿಲೇಗಳು 250 ವೋಲ್ಟಿನವರೆಗಿನವು. ಬಹಳ ಸ್ಟಾರ್ಟರುಗಳ ಕಾಯಿಲು 415 ವೋಲ್ಟಿನದು. ಒಂದಕ್ಕೊಂದು ನೇರ ಹಚ್ಚಬಾರದು. ಒಂದು ಫೇಸ್ ಹೋದಾಗ ಮೋಟಾರು ನಿಲ್ಲಿಸುವ ಸಾಧನವನ್ನು ಯಾವ ಕಾರಣಕ್ಕೂ ತೆಗೆಯಬಾರದು. ಕರೆಂಟು ಹೋದ ಕೂಡಲೇ ಗಡಿಗೆ ಬರಿದಾಗುವಂತೆ ಟೈಮರಿಗೆ ಒಂದು ಡಯೋಡು ಇರಬೇಕು. ಇಲ್ಲವಾದರೆ ಕರೆಂಟು ಹೋಗಿ ಬಂದಾಗ ಅದು ಪಾಳಿ ಮರೆಯುತ್ತದೆ.

ಬರುವ ಆಕ್ಷೇಪಣೆಗಳು

"ಕೊನೆಯ ಪಾಳಿಯವನಿಗೆ ನೀರು ಕಡಿಮೆಯಾಗುವುದಿಲ್ಲವೇ?" ಎಂದು ಕೇಳುತ್ತಾರೆ. ಏಳು ತಾಸೆಂದರೆ 25,200 ಸೆಕೆಂಡು. ಅದರಲ್ಲಿ 200 ಸೆಕೆಂಡು ಕಾದರೆ ಹೋಗುವುದು ನೂರಕ್ಕೆ ಒಂದಕ್ಕಿಂತಲೂ ಕಡಿಮೆ. ಟಿ.ಸಿ. ಸುಟ್ಟರೆ ಹೋಗುವುದು ಹದಿನೈದು ದಿನ. ಬೇಕಾದರೆ ವರ್ಷಕ್ಕೊಮ್ಮೆ ಪಾಳಿ ತಿರುಗಿಸಿರಿ.

"ದೊಡ್ಡ ಟಿ.ಸಿ. ಕೊಟ್ಟರೆ ಮುಗಿಯಿತಲ್ಲ?" ಎನ್ನುವವರಿದ್ದಾರೆ. ಈ ಮಾತಿನಲ್ಲಿ ಅರ್ಧ ಸತ್ಯವಿದೆ. 25 ಕೆ.ವಿ.ಎ. ಟಿ.ಸಿ. ಕೊಡುವುದು ಸುಮಾರು 33 ಆಂಪಿಯರ್. ಅದಕ್ಕೆ 5 ಅಶ್ವಶಕ್ತಿಯ ಆರು ಮೋಟಾರು ಕಟ್ಟಿದರೆ ಓಡುವಾಗಲೇ 45 ಬೇಕು. ಅಲ್ಲಿ ಯಾವ ಟೈಮರೂ ಕೆಲಸ ಮಾಡದು, ದೊಡ್ಡ ಟಿ.ಸಿ.ಯನ್ನೇ ಕೇಳಬೇಕು, ಒಗ್ಗಟ್ಟಿನಿಂದ ಕೇಳಬೇಕು. ಕಾಗದದಲ್ಲಿ 5 ಅಶ್ವಶಕ್ತಿ ಬರೆಸಿ ಹೊಲದಲ್ಲಿ ಏಳೂವರೆಯದನ್ನು ಇಳಿಸಿದವರು ಮಾತ್ರ ಮೊದಲು ತಮ್ಮ ಮನೆ ಸರಿಮಾಡಿಕೊಳ್ಳಬೇಕು. ಆದರೆ ದೊಡ್ಡ ಟಿ.ಸಿ. ಬಂದ ಮೇಲೂ ಪಾಳಿ ಇಲ್ಲದಿದ್ದರೆ ಅದೂ ಸುಡುತ್ತದೆ.

"ಸುಟ್ಟರೆ ಕಚೇರಿಯವರು ಬದಲಿಸಿ ಕೊಡುತ್ತಾರೆ, ನಾವೇಕೆ ಖರ್ಚು ಮಾಡಬೇಕು?" ಎಂಬುದು ಮೂರನೆಯ ಮಾತು. ಕೊಡುತ್ತಾರೆ, ನಿಜ. ಕೊಡುವವರೆಗೆ ಬೆಳೆ ಕಾಯುತ್ತದೆಯೇ? ಟಿ.ಸಿ. ಅವರದಾದರೂ ಉಳ್ಳಾಗಡ್ಡಿ ನಮ್ಮದು.

ಬಿಡುವ ಮೊದಲು ಇನ್ನೊಂದು ಮಾತು. 10 ಅಶ್ವಶಕ್ತಿಯವರೆಗಿನ ಪಂಪ್‌ಸೆಟ್ಟಿಗೆ ನಮ್ಮ ರಾಜ್ಯದಲ್ಲಿ ಬಿಲ್ಲಿಲ್ಲವೆಂದು ಆಟೋ ಹಾಕಿ ಮಲಗಿದರೆ ಮೋಟಾರು ಏಳು ತಾಸೂ ಓಡುತ್ತದೆ. ಎರೆ ಭೂಮಿಗೆ ಬೇಕಾದ್ದಕ್ಕಿಂತ ಹೆಚ್ಚು ನೀರು ವಿಷ. ಡೋಣಿ ದಂಡೆಯ ಸವಳು ಭೂಮಿಯನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹೊರಡುವುದಕ್ಕೆ ಒಂದು ಟೈಮರು ಹಚ್ಚುವವರು, ಶಕ್ತಿಯಿದ್ದರೆ, ನಿಲ್ಲಿಸುವುದಕ್ಕೂ ಒಂದನ್ನು ಹಚ್ಚಲಿ. ತಾಸುಗಟ್ಟಲೆ ಎಣಿಸಲು ಈ ಗಡಿಗೆಯ ಲೆಕ್ಕ ಸಾಲದು, ಕಂಡೆನ್ಸರು ಸೋರುತ್ತದೆ. ಅದಕ್ಕೆ ಸಿದ್ಧ ಟೈಮರನ್ನೇ ಕೊಳ್ಳತಕ್ಕದ್ದು.

ಆ ಹಳ್ಳಿಯಲ್ಲಿ ಏನಾಯಿತು?

ಟಿ.ಸಿ. ಎರಡು ಸಲ ಸುಟ್ಟ ಆ ಹಳ್ಳಿಯಲ್ಲಿ ಕಳೆದ ಹಂಗಾಮಿಗೆ ಮುಂಚೆ ಎಂಟು ಜನ ಟೈಮರು ಹಾಕಿಸಿಕೊಂಡರು. ಇಬ್ಬರು ಒಲ್ಲೆ ಎಂದರು. ಪಾಳಿಯ ಪಟ್ಟಿ ಬರೆದು ವಾಚನಾಲಯದ ಗೋಡೆಗೆ ಅಂಟಿಸಿದರು. ಹಂಗಾಮು ಮುಗಿಯುವವರೆಗೆ ಟಿ.ಸಿ. ಸುಡಲಿಲ್ಲ. ಒಂದೇ ಹಂಗಾಮಿನ ಅನುಭವ ನೋಡಿ ಗೆದ್ದೆವೆಂದು ನಾನು ಹೇಳುವುದಿಲ್ಲ. ಆದರೆ ನನ್ನನ್ನು ಸಭೆಯಲ್ಲಿ ಕೇಳಿದ್ದ ಹಿರಿಯರ ಹೆಸರು ಪಟ್ಟಿಯಲ್ಲಿ ಕೊನೆಗಿತ್ತು. ತಾವೇ ಕೊನೆಯ ಪಾಳಿ ಕೇಳಿ ಬರೆಸಿದ್ದರಂತೆ. "ಕಡೀಕ ಹೊಂಟ್ರೂ ನೀರು ಬರತೈತಿ, ಮತ್ತ ನಾ ಮನ್ಯಾಗ ಇರತೀನಿ" ಎಂದರು.

ಆದುದರಿಂದ ರೈತ ಬಾಂಧವರಲ್ಲಿ ನನ್ನ ವಿನಂತಿ ಇಷ್ಟೇ. ಈ ವಾರ ನಿಮ್ಮ ಟಿ.ಸಿ.ಯ ಕೆಳಗಿನ ಎಲ್ಲ ಪಂಪ್‌ಸೆಟ್ಟಿನವರು ಒಂದು ಸಂಜೆ ವಾಚನಾಲಯದಲ್ಲಿ ಕೂಡಿರಿ. ಯಾರದು ಎಷ್ಟು ಅಶ್ವಶಕ್ತಿ ಎಂದು ನಿಜ ಹೇಳಿ ಬರೆಯಿರಿ. ಮೊತ್ತ ಟಿ.ಸಿ.ಯ ಶಕ್ತಿಯೊಳಗೆ ಇದೆಯೋ ಇಲ್ಲವೋ ನೋಡಿರಿ. ಆಮೇಲೆ ಪಾಳಿ ಹಚ್ಚಿರಿ. ಬಾವಿಗೆ ಪಾಳಿ ಹಚ್ಚಿ ಬಾಳಿದ ಹಿರಿಯರ ಮಕ್ಕಳು ನಾವು, ಟಿ.ಸಿ.ಗೆ ಪಾಳಿ ಹಚ್ಚುವುದು ನಮಗೆ ಕಠಿಣವಲ್ಲ.